ಇನ್ನೊಂದು ನೀರು

ಪುಟ್ಟಿ ಸ್ಟೂಲು ಹತ್ತಿ ಇಸ್ತ್ರಿ ಮೇಜಿನ ಮೇಲಿನ ಹಲಗೆಯನ್ನೆಲ್ಲ ಕೈಯಾಡಿಸಿದಳು. ಹ್ಯಾಂಗರುಗಳ ಬುಟ್ಟಿ ಸಿಕ್ಕಿತು, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯ ವೈರು ಸಿಕ್ಕಿತು, ಯಾವ ಗಿರಾಕಿಯದೋ ಒಂಟಿ ಕಾಲುಚೀಲವೂ ಸಿಕ್ಕಿತು. ಬೂದು ಚೀಲ ಮಾತ್ರ ಸಿಗಲಿಲ್ಲ. ಇಲ್ಲ ಎಂದು ಬೆರಳಿಗೆ ಗೊತ್ತಾದ ಮೇಲೂ ಅವಳು ಹಲಗೆಯ ಮೂಲೆಮೂಲೆಯನ್ನು ಮುಟ್ಟಿ ನೋಡಿದಳು.

"ಏನೇ ಅದು, ಬೆಳಗ್ಗೆ ಬೆಳಗ್ಗೆ ಮರ ಹತ್ತಿದ್ದೀಯ?" ಎಂದಳು ಇಸ್ತ್ರಿ ಅಕ್ಕ. ಅಂಗಿಯೊಂದರ ತೋಳಿನ ಮೇಲೆ ಓಡುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

"ಇಲ್ಲೊಂದು ಚೀಲ ಇಟ್ಟಿದ್ದೆ ಅಕ್ಕಾ."

"ಲಾಂಡ್ರೀಲಿ ನಿಂತ್ಕೊಂಡು ಚೀಲ ಎಲ್ಲಿ ಅಂತೀಯಲ್ಲ, ಸಂತೇಲಿ ನಿಂತು ಜನ ಎಲ್ಲಿ ಅಂದ್ರಂತೆ ಹಾಗಾಯ್ತು."

"ಚೀಟಿ ಇಲ್ಲದ್ದು. ಬಾಯಿಗೆ ಗಂಟು ಹಾಕಿದ್ದು."

ಈಗ ಇಸ್ತ್ರಿಪೆಟ್ಟಿಗೆ ನಿಂತಿತು. ಅಕ್ಕ ಅದನ್ನು ಎತ್ತಿ ನಿಲ್ಲಿಸಿ, ಮೂಗಿನ ತುದಿಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು. "ಗಂಟಿನ ಚೀಲವಾ? ನಾನು ಬರೋ ಹೊತ್ತಿಗೆ ನಿಮ್ಮಪ್ಪ ಅದನ್ನ ಬಿಚ್ತಾ ಕೂತಿದ್ರಪ್ಪ. ಆಮೇಲೆ ಹಿಂದಗಡೆ ಹೋದ್ರು. ಯಾಕೆ, ಏನಿತ್ತು ಅದರಲ್ಲಿ?"

ಪುಟ್ಟಿ ಕತ್ತು ಹೊರಳಿಸಿ ಕಿವಿಗೊಟ್ಟಳು. ಹಿಂದಿನ ಕೋಣೆಯಲ್ಲಿ ನಲ್ಲಿ ಸುರಿಯುವ ಸದ್ದು ಆಗಿನಿಂದಲೂ ಕೇಳುತ್ತಲೇ ಇತ್ತು. ಲಾಂಡ್ರಿಯಲ್ಲಿ ನೀರಿನ ಸದ್ದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ನಲವತ್ತು ದಾಟಿ, ಕನ್ನಡಕ ಬಂದು, ಮಗಳು ತನಗಿಂತ ಎತ್ತರ ಬೆಳೆದಿದ್ದರೂ ಅವಳು ಈ ಬೀದಿಗೆಲ್ಲ ಪುಟ್ಟಿಯೇ. ಎರಡು ಬೀದಿ ಆಚೆ ಗಂಡನ ಮನೆ. ಗಂಡ ಬಸ್ಸಿನ ಡ್ರೈವರು. ಅವನು ಮೊದಲ ಟ್ರಿಪ್ಪಿಗೆ ಹೊರಟ ಮೇಲೆ ಅವಳು ಲಾಂಡ್ರಿಯ ಕೌಂಟರು ನೋಡಿಕೊಳ್ಳಲು ಬರುತ್ತಿದ್ದಳು. ಲಾಂಡ್ರಿಗೂ ಬೋರ್ಡಿನ ಮೇಲೆ ಬೇರೇನೋ ಹೆಸರಿತ್ತು, ಓದಿದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅದು ಮೂಗಮ್ಮನ ಲಾಂಡ್ರಿ. ಮೂಗಮ್ಮ ಎಂದರೆ ಪುಟ್ಟಿಯ ಅಮ್ಮ. ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು, ಜನ ಇನ್ನೂ ಹಾಗೆಯೇ ಕರೆಯುತ್ತಿದ್ದರು.

ಅಮ್ಮನ ಮೂಗು ನೋಡಲು ಎಲ್ಲರ ಮೂಗಿನಂತೆಯೇ ಇತ್ತು, ಸ್ವಲ್ಪ ಚಪ್ಪಟೆಯೂ ಹೌದು. ಆದರೆ ಅದರ ಕೆಲಸ ಬೇರೆ. ಗಿರಾಕಿ ಕೌಂಟರಿನ ಮೇಲಿಟ್ಟ ಬಟ್ಟೆಯನ್ನು ಅವಳು ಕಣ್ಣಿಗಿಂತ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಇದು ಯಂತ್ರದ ಎಣ್ಣೆ, ಇದು ಹಾಲು, ಇದು ಶಾಯಿ, ಇದು ಮಗುವಿನದು, ಇದು ಮಗುವಿನದೆಂದು ಹೇಳಿದ ನಿಮ್ಮದು. ಕಲೆಯ ಜಾತಕ ತಿಳಿದರೆ ಅರ್ಧ ತೊಳೆದ ಹಾಗೆ ಎನ್ನುವುದು ಅವಳ ಲೆಕ್ಕ. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರ ಕೋಟನ್ನು ಮೂಸಿ, "ಸಿಗರೇಟು ಬಿಟ್ಟೆ ಅಂದಿದ್ರಿ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆ ಮನುಷ್ಯ ಕೋಟಿನ ಜೇಬನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಆದರೆ ಮರುದಿನ ಅವರ ಹೆಂಡತಿಯೇ ಬಂದು ಮಾತಿಗೆ ಮಾತು ಎಳೆದಾಗ ಅಮ್ಮ ತುಟಿಪಿಟಕ್ಕೆನ್ನಲಿಲ್ಲ. "ಮೂಗು ಇರ್ಬೇಕು ಕಣೇ. ಮೂಗಿಗೆ ಬಾಯಿ ಇರಬಾರ್ದು," ಎಂದು ಆಮೇಲೆ ಮಗಳಿಗೆ ಹೇಳಿದಳು. ಬೀದಿಯ ಅರ್ಧ ಸಂಸಾರಗಳು ಉಳಿದುಕೊಂಡದ್ದು ಆ ಮಾತಿನಿಂದ ಎಂದು ಇಸ್ತ್ರಿ ಅಕ್ಕ ಈಗಲೂ ಹೇಳುವುದುಂಟು. ಅವಳು ಎಲ್ಲವನ್ನೂ ಸ್ವಲ್ಪ ಉಬ್ಬಿಸಿಯೇ ಹೇಳುವವಳು.

ಅಂಗಡಿಯನ್ನು ಎರಡು ಮಾಡಿದ್ದು ಒಂದು ದಪ್ಪ ನೀಲಿ ಪರದೆ. ಈಚೆ ಕೌಂಟರು, ಚೀಟಿ, ಗಿರಾಕಿ, ಹರಟೆ. ಅದು ಅಮ್ಮನ ರಾಜ್ಯ. ಆಚೆ ಇಸ್ತ್ರಿ ಮೇಜು, ಅದರ ಹಿಂದಿನ ಕೋಣೆಯಲ್ಲಿ ತೊಟ್ಟಿ, ನಲ್ಲಿ, ಹಬೆ; ಅದು ಅಪ್ಪನದು. ಗಡಿಗೆ ಒಂದೇ ಕಾನೂನು: ಪರದೆ ದಾಟಿ ಬಂದದ್ದನ್ನು ತೊಳೆಯುವುದು, ಪ್ರಶ್ನೆ ಕೇಳದಿರುವುದು. ಪುಟ್ಟಿಯ ಸೋದರಮಾವ ಒಮ್ಮೆ ಊರಿಂದ ಬಂದವನು ಸೆಕೆ ಎಂದು ತನ್ನ ಹೊಸ ಕೋಟನ್ನು ಬಿಚ್ಚಿ ಪರದೆಯ ಆಚೆಯ ಮೊಳೆಗೆ ನೇತುಹಾಕಿ ಟೀ ಕುಡಿಯಲು ಕೂತ. ಲೋಟ ಬರಿದಾಗುವಷ್ಟರಲ್ಲಿ ಕೋಟು ತೊಟ್ಟಿಯಲ್ಲಿತ್ತು. ಅವನು ಬಾಯಿ ಬಡಿದುಕೊಂಡರೆ ಅಪ್ಪ ಹೇಳಿದ್ದು ಎರಡೇ ಮಾತು: "ಪರದೆ ದಾಟಿತ್ತು." ಸ್ವಂತ ತಮ್ಮನ ಕೋಟಾದರೂ ಅಮ್ಮ ಗಂಡನ ಪಕ್ಷವನ್ನೇ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಗಂಡಹೆಂಡಿರಿಬ್ಬರೂ ದಿನವಿಡೀ ಆ ಪರದೆಯ ಎರಡು ಬದಿಯಲ್ಲಿ ಇರುತ್ತಿದ್ದರು. ಮಾತಾಡಲು ಪುರುಸೊತ್ತಿಲ್ಲ, ಹಬೆಯ ಸದ್ದಿನಲ್ಲಿ ಮಾತು ಕೇಳಿಸುವುದೂ ಇಲ್ಲ. ಅಪ್ಪ ಬಟ್ಟೆಯನ್ನು ಸೋಪಿನಲ್ಲಿ ಒಗೆದು, ಜಾಲಾಡಿ, ಹಿಂಡಿ, ಪರದೆಯ ಸಂದಿನಿಂದ ಕೈ ಚಾಚುತ್ತಿದ್ದ. ಬರೀ ಕೈ ಮತ್ತು ಬಟ್ಟೆ. ಅಮ್ಮ ಗಿರಾಕಿಯ ಜೊತೆ ಮಾತಾಡುತ್ತಲೇ ತಲೆ ಬಗ್ಗಿಸಿ ಅದನ್ನು ಮೂಸುತ್ತಿದ್ದಳು. ಸೋಪು ಪೂರ್ತಿ ಹೋಗಿದ್ದರೆ "ಹೂಂ." ಹೋಗಿರದಿದ್ದರೆ "ರೀ, ಇನ್ನೊಂದು ನೀರು." ಕೈ ಒಳಗೆ ಹೋಗುತ್ತಿತ್ತು. "ನಿನ್ನ ಮೂಗಿಗಿಷ್ಟು ಬೆಂಕಿ ಹಾಕ," ಎಂಬ ಗೊಣಗಾಟ ಕೇಳುತ್ತಿತ್ತು. ಮತ್ತೆ ನಲ್ಲಿಯ ಸದ್ದು. ಪುಟ್ಟಿ ಕೌಂಟರಿನ ಕೆಳಗೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದ ಕಾಲದಿಂದ ಕೇಳಿದ ಮಾತು ಇದು. ಬೇರೆಯವರ ಮನೆಯಲ್ಲಿ ಅಪ್ಪ ಅಮ್ಮ ಊಟಕ್ಕೆ ಕೂತಾಗ ಮಾತಾಡುತ್ತಾರಂತೆ ಎಂದು ಅವಳು ಬೆರಗಿನಿಂದ ಮನೆಗೆ ಸುದ್ದಿ ತಂದದ್ದೂ ಇತ್ತು.

ಆದರೆ ಕೌಂಟರಿನ ಪಕ್ಕ ಕಿಟಕಿಯ ಬಳಿ ಒಂದು ಹಲಗೆ ಇತ್ತು. ಅದರ ಮೇಲೆ ಇಟ್ಟ ಬಟ್ಟೆ ಪರದೆ ದಾಟುವಂತಿರಲಿಲ್ಲ. ತೀರಿಕೊಂಡವರ ಬಟ್ಟೆಯನ್ನು ಮನೆಯವರು ತಂದರೆ ಅಮ್ಮನಿಗೆ ಹೇಗೋ ತಿಳಿಯುತ್ತಿತ್ತು. ಮೂಗಿನಿಂದಲೋ, ತಂದವರು ಬಟ್ಟೆ ಕೆಳಗಿಟ್ಟ ಬಗೆಯಿಂದಲೋ, ಹೇಳಲಾರೆವು. "ತೊಳೀಬೇಕಾ?" ಎಂದು ಕೇಳುತ್ತಿದ್ದಳು. ಹೌದು ಎಂದರೆ ಇನ್ನೊಮ್ಮೆ, ಮೆಲ್ಲಗೆ, "ನಿಜವಾಗ್ಲೂ?" ಆಮೇಲೂ ಅದನ್ನು ಆ ಹಲಗೆಯ ಮೇಲೆಯೇ ಇಡುತ್ತಿದ್ದಳು. ಗಡಿಯಾರ ರಿಪೇರಿಯವರು ಹೆಂಡತಿಯ ಶಾಲು ತಂದಾಗ ಹಾಗೆಯೇ ಆಯಿತು. ಸಂಜೆಯೊಳಗೆ ಓಡಿಬಂದು, "ತೊಳೆದುಬಿಟ್ರಾ ತಾಯಿ?" ಎಂದು ಏದುಸಿರು ಬಿಡುತ್ತ ನಿಂತರು. ಅಮ್ಮ ಹಲಗೆಯಿಂದ ಶಾಲನ್ನು ತೆಗೆದು ಅವರ ಕೈಗಿಟ್ಟಳು. ಎಷ್ಟೋ ಕಾಲದ ಮೇಲೆ ಅವರು ಅದನ್ನು ಮತ್ತೆ ತಂದರು. ಅಮ್ಮ ಮೂಸಿ, "ಈಗ ತೊಳೀಬಹುದು," ಎಂದು ಪರದೆ ದಾಟಿಸಿದಳು.

"ಹೇಗೆ ಗೊತ್ತಾಯ್ತಮ್ಮಾ?" ಎಂದು ಪುಟ್ಟಿ ಕೇಳಿದ್ದಳು.

"ಅವತ್ತು ಅದರಲ್ಲಿ ಆ ಯಮ್ಮ ಇದ್ಲು ಕಣೇ. ಇವತ್ತು ಬರೀ ಕೊಳೆ ಇದೆ. ಕೊಳೆ ತೊಳೆಯೋಕೆ ಏನು?"

ಇಂಥ ಅಮ್ಮನನ್ನು ಕಳೆದುಕೊಂಡ ಮಗಳು ಏನು ಮಾಡಿಯಾಳು? ಅಮ್ಮನ ಹಸಿರು ಸ್ವೆಟರನ್ನು ಮಡಿಸಿ, ಬೂದು ಚೀಲದಲ್ಲಿ ಹಾಕಿ, ಗಾಳಿಯಾಡದಂತೆ ಬಿಗಿಯಾಗಿ ಗಂಟು ಹಾಕಿ, ಕಿಟಕಿಯ ಬಳಿಯ ಆ ಹಲಗೆಯ ಮೇಲಿಟ್ಟಳು. ಅಂಗಡಿಯ ಬಾಗಿಲು ಯಾವಾಗಲೂ ತೆರೆದೇ ಇರುವುದರಿಂದ ಅಮ್ಮ ಬೇಸಗೆಯಲ್ಲೂ ಹಾಕಿಕೊಳ್ಳುತ್ತಿದ್ದ ಸ್ವೆಟರದು. ಮೊಣಕೈಗಳಲ್ಲಿ ಬೇರೆ ಹಸಿರಿನ ನೂಲಿನ ತೇಪೆ. ಜೇಬಿನಲ್ಲಿ ಚೀಟಿ ಚುಚ್ಚುವ ಪಿನ್ನುಗಳು. ಆಸ್ಪತ್ರೆಗೆ ಹೋಗುವಾಗಲೂ ಅದನ್ನೇ ಹಾಕಿಕೊಂಡು ಹೋಗಿದ್ದಳು. ಅಲ್ಲಿ ಮಂಚದ ಮೇಲೆ ಮಲಗಿಸಿದ ಕೂಡಲೇ ಹಾಸಿಗೆಯ ಬಟ್ಟೆಯನ್ನು ಮೂಗಿಗೆಳೆದುಕೊಂಡು ಮೂಸಿ, ಮಗಳ ಕಡೆ ತಿರುಗಿ, "ಸೋಪು ಹೋಗಿಲ್ಲ. ಇನ್ನೊಂದು ನೀರು ಬೇಕಿತ್ತು," ಎಂದಳು. ಪುಟ್ಟಿಗೆ ನಗು ಬಂದಿತ್ತು. ಅಮ್ಮ ಆಡಿದ ಕೊನೆಯ ಸರಿಯಾದ ಮಾತು ಅದೇ ಎಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ನಗುತ್ತಿದ್ದಳೇನೋ.

ಆ ಚೀಲವನ್ನು ಅವಳು ಸುಮ್ಮಸುಮ್ಮನೆ ಬಿಚ್ಚುತ್ತಿರಲಿಲ್ಲ. ಬಿಚ್ಚಿದಷ್ಟೂ ವಾಸನೆ ಹೊರಗೆ ಹೋಗುತ್ತದೆ. ತಡೆಯಲಾಗದ ದಿನ ಮಾತ್ರ, ಗಿರಾಕಿ ಇಲ್ಲದ ಹೊತ್ತು ನೋಡಿ, ಗಂಟು ಸಡಿಲಿಸಿ ಕತ್ತಿನ ಪಟ್ಟಿಗೆ ಮುಖ ಒತ್ತುತ್ತಿದ್ದಳು. ನೋವಿನ ಮುಲಾಮು, ಕೂದಲ ಎಣ್ಣೆ, ಟೀ, ಪಿನ್ನಿನ ತುಕ್ಕು. ಇವಿಷ್ಟನ್ನು ಅವಳ ಸಾಧಾರಣ ಮೂಗೂ ಹಿಡಿಯುತ್ತಿತ್ತು. ಇವೆಲ್ಲದರ ಕೆಳಗೆ ಇನ್ನೊಂದು ಇತ್ತು, ಅದು ಯಾವುದರ ವಾಸನೆಯೂ ಅಲ್ಲ, ಅಮ್ಮನದು. ಜ್ವರ ಬಂದ ರಾತ್ರಿಗಳಲ್ಲಿ ಮಗ್ಗುಲಲ್ಲಿ ಇದ್ದದ್ದು ಅದೇ. ಚಿಕ್ಕವಳಿದ್ದಾಗ ಒಮ್ಮೆ, "ಅಮ್ಮಾ, ನಿನ್ನ ವಾಸನೆ ಏನದು?" ಎಂದು ಕೇಳಿದ್ದಳು. ಎಲ್ಲರ ಬಟ್ಟೆಯ ಗುಟ್ಟು ಬಿಡಿಸಿ ಹೇಳುವ ಅಮ್ಮ ಸ್ವೆಟರಿನ ತೋಳನ್ನು ಮೂಸಿ ನೋಡಿ, ಸೋತವಳಂತೆ ತಲೆಯಾಡಿಸಿದ್ದಳು. "ಮೂಗಿಗೆ ತನ್ನ ವಾಸನೆ ಹತ್ತಲ್ಲ ಕಣೇ. ಅದನ್ನ ಬೇರೆಯವರೇ ಇಟ್ಕೋಬೇಕು."

ಅವಳು ಇಟ್ಟುಕೊಂಡಿದ್ದಳು, ನಿನ್ನೆಯವರೆಗೆ.

ನಿನ್ನೆ ಕೌಂಟರಿಗೆ ಬಣ್ಣ ಹಚ್ಚುವವನು ಬಂದ. ಡಬ್ಬದ ಮುಚ್ಚಳ ತೆಗೆದದ್ದೇ ತಡ, ಕಣ್ಣಲ್ಲಿ ನೀರು ಬರುವಂಥ ಘಾಟು ಮುಂದಿನ ಕೋಣೆಯನ್ನೆಲ್ಲ ತುಂಬಿತು. ಪುಟ್ಟಿಗೆ ಮೊದಲು ನೆನಪಾದದ್ದೇ ಚೀಲ. ಈ ಘಾಟು ಸ್ವೆಟರಿಗೆ ಹತ್ತಿದರೆ ಮುಗಿಯಿತಲ್ಲ! ಹಲಗೆಯಿಂದ ಅದನ್ನು ಬಾಚಿಕೊಂಡು ಒಳಗೆ ಓಡಿ, ಹ್ಯಾಂಗರು ಬುಟ್ಟಿಯ ಪಕ್ಕ ಇಟ್ಟು ನಿಟ್ಟುಸಿರು ಬಿಟ್ಟಳು. ಆಚೆ ಈಚೆ ನೋಡಲಿಲ್ಲ. ತೊಟ್ಟಿಲಲ್ಲಿ ಇದ್ದಾಗಿನಿಂದ ಕಾನೂನು ಗೊತ್ತಿದ್ದವಳು, ಸೋದರಮಾವನ ಕೋಟಿನ ಕಥೆಯನ್ನು ನೂರು ಸಲ ಹೇಳಿ ನಕ್ಕವಳು, ಅಮ್ಮನ ಸ್ವೆಟರನ್ನು ತನ್ನ ಕೈಯಾರೆ ಪರದೆ ದಾಟಿಸಿದ್ದಳು.

ಅವಳು ಸ್ಟೂಲಿನಿಂದ ಇಳಿದು ಹಿಂದಿನ ಕೋಣೆಗೆ ಹೋದಳು.

ಅಪ್ಪ ಚಿಕ್ಕ ತೊಟ್ಟಿಯ ಮುಂದೆ ಮಣೆಯ ಮೇಲೆ ಕೂತಿದ್ದ. ನಲ್ಲಿ ದೊಡ್ಡ ತೊಟ್ಟಿಗೆ ಸುಮ್ಮನೆ ಸುರಿಯುತ್ತಿತ್ತು. ಅವನ ತೊಡೆಯ ಮೇಲೆ ಒಂದು ಬಿಳಿ ಟವಲು, ಟವಲಿನ ಮೇಲೆ ಹಿಂಡಿ ಮುದ್ದೆಯಾಗಿದ್ದ ಹಸಿರು ಸ್ವೆಟರು. ಕಿಟಕಿಯ ಕಟ್ಟೆಯ ಮೇಲೆ ಪಿನ್ನುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ.

"ಅಪ್ಪಾ!"

ಎಷ್ಟು ಜೋರಾಗಿ ಕಿರುಚಿದಳೆಂದರೆ ಕೋಣೆಯ ಬಾಗಿಲಲ್ಲಿ ಇಸ್ತ್ರಿ ಅಕ್ಕನ ಮುಖ ಕಾಣಿಸಿಕೊಂಡು, ಪರಿಸ್ಥಿತಿ ನೋಡಿ, ಮಾಯವಾಯಿತು. ಅಪ್ಪ ತಲೆಯೆತ್ತಿದ. ಯಾರು ಹೇಳಿದ್ದು ನಿನಗೆ, ಕೇಳಬಾರದಿತ್ತಾ, ಕಣ್ಣು ಕಾಣಲ್ವಾ, ಇದ್ದದ್ದು ಅದೊಂದೇ. ಇಷ್ಟೂ ಒಟ್ಟಿಗೆ ಪುಟ್ಟಿಯ ಬಾಯಿಗೆ ಬಂದು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತವು.

"ಕೂಗ್ಬೇಡ್ವೇ, ಸರಿಯಾಗೇ ತೊಳೆದಿದ್ದೀನಿ," ಎಂದ ಅಪ್ಪ. "ಉಣ್ಣೆ ಅಂತ ಗೊತ್ತಿಲ್ವಾ ನನಗೆ? ಉಗುರುಬೆಚ್ಚಗಿನ ನೀರೇ ಮಾಡ್ಕೊಂಡೆ. ಮಷೀನಿಗೆ ಹಾಕಿಲ್ಲ. ಕುಕ್ಕಿಲ್ಲ, ಉಜ್ಜಿಲ್ಲ. ಕೈಯಲ್ಲೇ ಒತ್ತಿದ್ದು."

ಆ ದನಿಯಲ್ಲಿ ಏನೋ ಇತ್ತು. ಅಮ್ಮ ಹೋದ ಮೇಲೆ ಅಪ್ಪ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಮಾತು ಬಿಟ್ಟದ್ದಕ್ಕಿಂತ ದೊಡ್ಡ ಕಾಯಿಲೆಯೊಂದು ಅವನಿಗೆ ಹತ್ತಿತ್ತು. ನೀರು ನಿಲ್ಲಿಸಲು ಬರುತ್ತಿರಲಿಲ್ಲ. ಒಂದೇ ಅಂಗಿಯನ್ನು ಜಾಲಾಡುತ್ತಲೇ ಇರುತ್ತಿದ್ದ. ಒಂದು ನೀರು, ಮತ್ತೊಂದು, ಮಗದೊಂದು. ಬಟ್ಟೆಗಳ ಬಣ್ಣ ಬಿಡತೊಡಗಿತ್ತು, ಕಾಲರುಗಳು ನಾರು ನಾರಾಗುತ್ತಿದ್ದವು. ಹೊತ್ತಿಗೆ ಸರಿಯಾಗಿ ಬಟ್ಟೆ ಸಿಗದೆ ಗಿರಾಕಿಗಳು ಗೊಣಗುತ್ತಿದ್ದರು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? "ಸಾಕು ಬಿಡಪ್ಪಾ, ಚೆನ್ನಾಗಾಗಿದೆ," ಎಂದು ಪುಟ್ಟಿ ಮುಂದಿನಿಂದಲೇ ಕೂಗಿದರೆ, "ನೀನು ಮೂಸೇ ಇಲ್ಲ," ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಒಗೆದ ಬಟ್ಟೆ ಮೂಸಲು ಅವಳಿಂದ ಆಗುತ್ತಿರಲಿಲ್ಲ. ತನ್ನ ಮೂಗನ್ನು ಅವಳು ಒಂದೇ ಕೆಲಸಕ್ಕೆ ಮೀಸಲಿಟ್ಟಿದ್ದಳು. ಹೀಗಾಗಿ ಅಪ್ಪ ಪರದೆಯಿಂದ ಕೈ ಚಾಚುವುದನ್ನೇ ಬಿಟ್ಟಿದ್ದ, ನಲ್ಲಿಯನ್ನು ಮುಚ್ಚುವುದನ್ನೂ ಮರೆತಿದ್ದ.

ಅವಳು ಅವನ ಎದುರು ನೆಲದ ಮೇಲೆ ಕುಕ್ಕರಿಸಿದಳು. ಒದ್ದೆ ನೆಲ, ಬಟ್ಟೆ ತೊಯ್ಯುತ್ತಿದೆ ಎಂಬ ಪರಿವೆಯೂ ಇರಲಿಲ್ಲ. "ಯಾಕಪ್ಪಾ ತೊಳೆದೆ?" ಎಂದಳು. ಕಿರುಚಾಟವೆಲ್ಲ ಎಲ್ಲಿಗೋ ಹೋಗಿ ಅಷ್ಟು ಮಾತ್ರ ಉಳಿದಿತ್ತು.

ಅಪ್ಪ ಅವಳನ್ನು ವಿಚಿತ್ರವಾಗಿ ನೋಡಿದ. "ನೀನೇ ತಂದಿಟ್ಟಿದ್ಯಲ್ಲ. ಪರದೆ ಈಚೆ."

"ನಾನು..."

"ಕಿಟಕಿ ಹಲಗೆ ಮೇಲೆ ಇರೋವರ್ಗೂ ನಾನು ಮುಟ್ಟಿದ್ನಾ? ದಿನಾ ಬಾಗಿಲು ಹಾಕ್ವಾಗ ನೋಡ್ತಿದ್ದೆ. ಇದೆ ಅಂತ ನೋಡ್ಕೊಂಡು ಮೇಲೆ ಹೋಗಿ ಮಲಗ್ತಿದ್ದೆ." ಅಪ್ಪ ಸ್ವೆಟರಿನ ತೋಳೊಂದನ್ನು ಟವಲಿನ ಮೇಲೆ ನೀಟಾಗಿ ಹರಡಿದ. "ಬೆಳಗ್ಗೆ ಎದ್ದು ಬಂದ್ರೆ ಅದು ಇಲ್ಲಿದೆ. ನನಗೂ ಒಂದು ಗಳಿಗೆ ಬೇಡ ಅನ್ನಿಸ್ತು. ಆದ್ರೆ ಆಯ್ತೇನೋ, ಅದರಲ್ಲಿ ಇನ್ನು ಬರೀ ಕೊಳೆ ಉಳಿದಿದೆಯೇನೋ, ಮಗಳಿಗೆ ಗೊತ್ತಾಗಿದೆ, ಬಾಯಿಬಿಟ್ಟು ಹೇಳೋಕಾಗದೆ ತಂದಿಟ್ಟಿದ್ದಾಳೆ ಅಂದ್ಕೊಂಡೆ. ಹೌದು ತಾನೆ?"

ಬಣ್ಣದ ಘಾಟಿಗೆ ಹೆದರಿ ತಂದಿಟ್ಟೆ ಅಪ್ಪಾ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಿಜ ಹೇಳಿದಂತಾಗುತ್ತಿತ್ತು. ಹೇಳಿದರೆ ಈ ಮನುಷ್ಯ ಇನ್ನು ಬದುಕಿರುವವರೆಗೂ ಈ ತೊಟ್ಟಿಯ ಮುಂದೆ ಕೂತು ಆ ಒಂದು ಬೆಳಗನ್ನೇ ಜಾಲಾಡುತ್ತಿರುತ್ತಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುಟ್ಟಿ ಅವನ ಕೈಗಳನ್ನು ನೋಡಿದಳು. ನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಗೆಣ್ಣುಗಳಲ್ಲಿ ಸೀಳು.

"ಹೌದು," ಎಂದಳು. "ನಾನೇ ಇಟ್ಟಿದ್ದು."

ಅಪ್ಪ ತಲೆಯಾಡಿಸಿದ. "ಆದ್ರೆ ನಿನ್ನ ಲೆಕ್ಕ ತಪ್ಪಿತ್ತು ಕಣೇ," ಎಂದ.

"ಏನು?"

"ಬರೀ ಕೊಳೆ ಇರ್ಲಿಲ್ಲ ಅದರಲ್ಲಿ." ಅವನು ತೊಟ್ಟಿಯ ಕಡೆ ನೋಡುತ್ತಿದ್ದ. "ಬೆಚ್ಚಗಿನ ನೀರಿಗೆ ಅದ್ದಿದೆ ನೋಡು, ಎದ್ದು ಬಂದ್ಲು. ನನಗೆ ಮೂಗೇ ಇಲ್ಲ ಅಂತ ಜೀವಮಾನವಿಡೀ ಆಡ್ಕೊಂಡವಳು ಅವಳು. ಆ ನನ್ನ ಮೂಗಿಗೇ ಬಂದ್ಲು. ಈ ಕೋಣೆ ತುಂಬ. ಹಿಂದೆ ನಿಂತಿದ್ದಾಳೇನೋ ಅಂತ ತಿರುಗಿ ನೋಡ್ದೆ, ಮುದುಕನ ಬುದ್ಧಿ. ಹಬೆ ಇರೋವರ್ಗೂ ಇದ್ಲು."

ಪುಟ್ಟಿಗೆ ಅಳು ಬಂತು, ಮತ್ತು ಅದಕ್ಕಿಂತ ಮೊದಲು, ನಾಚಿಕೆಯಾಗುವಷ್ಟು, ಹೊಟ್ಟೆಕಿಚ್ಚಾಯಿತು. ಅವಳು ಚೂರು ಚೂರೇ ಮೂಸಿ, ಗಂಟು ಬಿಗಿದು, ಬಚ್ಚಿಟ್ಟು ಉಳಿಸಿದ್ದೆಲ್ಲ ಇವನಿಗೆ ಒಂದೇ ಸಲಕ್ಕೆ ಸಿಕ್ಕಿಬಿಟ್ಟಿತ್ತು. ಕೋಣೆ ತುಂಬ! ಅವಳಿಗೆ ಎಂದೂ ಕೋಣೆ ತುಂಬ ಸಿಕ್ಕಿರಲಿಲ್ಲ. ತಾನು ಅರ್ಧ ಗಂಟೆ ಮೊದಲು ಬಂದಿದ್ದರೆ, ಹಾಲಿನವನ ಜೊತೆ ಮಾತಿಗೆ ನಿಲ್ಲದಿದ್ದರೆ. ಅವಳು ತಲೆಯೆತ್ತಿ ಉಸಿರೆಳೆದುಕೊಂಡಳು. ಒದ್ದೆ ಸಿಮೆಂಟು, ಸೋಪು, ಅಷ್ಟೇ.

"ಆಗಲೇ ನೀರಿಂದ ತೆಗೆದುಬಿಡಬೇಕಿತ್ತು," ಎಂದಳು, ತನಗೇ ಎಂಬಂತೆ.

"ತೆಗೆದು? ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಒದ್ದೆ ಉಣ್ಣೆ ಅರ್ಧಕ್ಕೆ ಬಿಟ್ರೆ ಮುಗ್ಗಲು ನಾತ ಹಿಡಿಯುತ್ತೆ. ಅವಳ ಬಟ್ಟೆಗೆ ಮುಗ್ಗಲು ನಾತ ಬಂದ್ರೆ ಅವಳು ನಮ್ಮನ್ನ ಬಿಡ್ತಾಳಾ?" ಅಪ್ಪ ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ. "ಸೋಪು ಹಾಕ್ದೆ. ಒಂದು ನೀರು ತೆಗೆದೆ. ಆಮೇಲೆ ಕೈ ಬರ್ಲಿಲ್ಲ. ಹಿಂಡಿಟ್ಕೊಂಡು ಕೂತಿದ್ದೀನಿ."

ದಿನಕ್ಕೆ ನೂರು ನೀರು ತೆಗೆಯುವ ಮನುಷ್ಯ ಈ ಒಂದು ಬಟ್ಟೆಗೆ ಒಂದೇ ನೀರಿಗೆ ನಿಂತಿದ್ದ. ಪುಟ್ಟಿ ಎದ್ದು, ಕಣ್ಣೊರೆಸಿಕೊಂಡು, ಇಸ್ತ್ರಿ ಅಕ್ಕನ ಮುಖ ನೋಡದೆ ಪರದೆ ಸರಿಸಿ ಮುಂದಿನ ಕೋಣೆಗೆ ಬಂದಳು.

ಕೌಂಟರಿನ ಬಣ್ಣ ಒಣಗಿ ಹೊಳೆಯುತ್ತಿತ್ತು. ಕಿಟಕಿಯ ಬಳಿಯ ಹಲಗೆ ಖಾಲಿ. ಬೀದಿಯಲ್ಲಿ ತರಕಾರಿ ಗಾಡಿಯವನೂ ಒಬ್ಬ ಹೆಂಗಸೂ ಒಂದು ಹೂಕೋಸಿನ ಬಗ್ಗೆ ಜಗಳವಾಡುತ್ತಿದ್ದರು. ಅಮ್ಮ ಇದ್ದಿದ್ದರೆ ಇಲ್ಲಿಂದಲೇ ತೀರ್ಪು ಕೊಡುತ್ತಿದ್ದಳು. ಪುಟ್ಟಿ ಎರಡೂ ಕೈಗಳನ್ನು ಕೌಂಟರಿನ ಮೇಲೂರಿ, ಪರದೆಗೆ ಬೆನ್ನು ಮಾಡಿ ನಿಂತಳು. ಮನಸ್ಸಿನಲ್ಲಿ ಹಳೆಯ ವಾಸನೆಯನ್ನು ಕರೆಯಲು ನೋಡಿದಳು. ಮುಲಾಮು ಬಂತು, ಎಣ್ಣೆ ಬಂತು, ತುಕ್ಕು ಬಂತು. ಕೆಳಗಿನದು ಬರಲಿಲ್ಲ. ಅಮ್ಮಾ ಎಂದು ಒಳಗೇ ಕರೆದಳು, ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ಕರೆದ ಹಾಗೆ.

ಬೆನ್ನ ಹಿಂದೆ ಪರದೆಯ ಬಳೆಗಳು ಸದ್ದು ಮಾಡಿದವು.

ಅವಳು ತಿರುಗಿದಳು. ಪರದೆಯ ಸಂದಿನಿಂದ ಒಂದು ಕೈ ಹೊರಗೆ ಚಾಚಿತ್ತು. ಬರೀ ಕೈ ಮತ್ತು ಹಸಿರು ಸ್ವೆಟರು. ಮನುಷ್ಯ ಆಚೆಯೇ ಇದ್ದ. ಹೊಸ ಬಣ್ಣದ ಕೌಂಟರಿನ ಮೇಲೆ ಹನಿ ತೊಟ್ಟಿಕ್ಕುತ್ತಿತ್ತು.

"ಸಾಕಾ ನೋಡು," ಎಂದ ಅಪ್ಪ, ಪರದೆಯ ಆಚೆಯಿಂದ.

ಮೂಸದೆ 'ಹೂಂ' ಎಂದುಬಿಡಬಹುದಿತ್ತು. ಹಾಗೆ ಎನ್ನಲಿ ಎಂದೇ ಅವನು ಕಾಯುತ್ತಿದ್ದಾನೆ ಎಂದೂ ಅವಳಿಗೆ ಗೊತ್ತಿತ್ತು. ಪುಟ್ಟಿ ಕನ್ನಡಕ ತೆಗೆದಿಟ್ಟು, ತಲೆ ಬಗ್ಗಿಸಿ, ಒದ್ದೆ ಉಣ್ಣೆಗೆ ಮೂಗು ಒತ್ತಿದಳು. ಮೊದಲು ಬಂದದ್ದು ಸೋಪು, ಧಾರಾಳವಾಗಿ. ಅವಳು ಕಣ್ಣು ಮುಚ್ಚಿ ಅದನ್ನು ದಾಟಿ ಒಳಗೆ ಹುಡುಕಿದಳು. ಕತ್ತಿನ ಪಟ್ಟಿಯ ಹೊಲಿಗೆಯ ಬಳಿ, ಸೋಪಿನ ತಳದಲ್ಲಿ, ಎಲ್ಲೋ ಒಂದು ಎಳೆ. ಇದೆಯೋ, ತನ್ನ ಆಸೆಯೋ, ಹೇಳಲು ಬರುವಂತಿರಲಿಲ್ಲ. ಆದರೆ ಇತ್ತು ಎಂದೇ ಅನ್ನಿಸಿತು. ಇನ್ನೂ ಒಂದು ಉಸಿರು ಎಳೆದುಕೊಂಡಳು, ಇನ್ನೂ ಒಂದು.

ಸೋಪು ಉಳಿದ ಉಣ್ಣೆ ಒಂದು ಬೇಸಗೆಯಲ್ಲಿ ಹಿಟ್ಟು ಹಿಟ್ಟಾಗಿ ಹರಿದುಹೋಗುತ್ತದೆ. ಅದು ಅವಳಿಗೂ ಗೊತ್ತಿತ್ತು, ಆಚೆ ನಿಂತವನಿಗೂ ಗೊತ್ತಿತ್ತು.

"ಇನ್ನೊಂದು ನೀರು," ಎಂದಳು.

ಕೈ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ, "ನಿನ್ನ ಮೂಗಿಗಿಷ್ಟು ಬೆಂಕಿ ಹಾಕ," ಎಂಬ ಗೊಣಗಾಟ ಬಂತು. ಕೈ ಒಳಗೆ ಹೋಯಿತು.

ಇಸ್ತ್ರಿ ಅಕ್ಕ ಮೂಗು ಎಳೆದುಕೊಂಡದ್ದು ಕೇಳಿಸಿತು. ಚಿಕ್ಕ ತೊಟ್ಟಿಗೆ ನೀರು ಬೀಳುವ ಸದ್ದು, ಸ್ವೆಟರು ನೀರಿನಲ್ಲಿ ಏಳುವ, ಮುಳುಗುವ ಸದ್ದು. ತೊಟ್ಟಿ ಬರಿದಾಗಿ ನೀರು ಮೋರಿಯಲ್ಲಿ ಗುಳುಗುಳು ಎಂದು ಹರಿದುಹೋಯಿತು. ಪುಟ್ಟಿ ಅದನ್ನು ಪೂರ್ತಿಯಾಗಿ, ಕೊನೆಯ ಗುಳುಕಿನವರೆಗೂ, ನಿಂತು ಕೇಳಿದಳು.

ಕೈ ಮತ್ತೆ ಬಂತು. ಅವಳು ಮತ್ತೆ ಬಗ್ಗಿದಳು. ಈಗ ಸೋಪು ಇರಲಿಲ್ಲ. ಕತ್ತಿನ ಪಟ್ಟಿಯನ್ನು ತಿರುಗಿಸಿ ಮೂಸಿದಳು, ತೇಪೆ ಹಾಕಿದ ಮೊಣಕೈಯನ್ನು ಮೂಸಿದಳು. ಮಳೆಯಲ್ಲಿ ನೆನೆದ ಕುರಿಯೊಂದರ ಮೈಯ ವಾಸನೆ, ತಣ್ಣೀರಿನ ವಾಸನೆ. ಬೇರೇನೂ ಇಲ್ಲ. ಅವಳು ಮತ್ತೊಮ್ಮೆ ಕತ್ತಿನ ಪಟ್ಟಿಗೆ ಮೂಗು ಒತ್ತಿದಳು.

"ಏನೇ?" ಎಂದ ಅಪ್ಪ.

"ಹೂಂ," ಎಂದಳು.

ಆಚೆ ಯಾರೋ ಹೋಗಿ ನಲ್ಲಿಯನ್ನು ತಿರುಗಿಸಿದರು. ಇಸ್ತ್ರಿ ಅಕ್ಕನೇ ಇರಬೇಕು. ದೊಡ್ಡ ತೊಟ್ಟಿಗೆ ಬೆಳಗಿನಿಂದ ಸುರಿಯುತ್ತಿದ್ದ ನೀರು ನಿಂತು, ಅಂಗಡಿಯಲ್ಲಿ ಒಮ್ಮೆಗೇ ಬೀದಿಯ ಸದ್ದು ತುಂಬಿಕೊಂಡಿತು. ಹೂಕೋಸಿನ ಜಗಳ ಇನ್ನೂ ಮುಗಿದಿರಲಿಲ್ಲ. ಅಪ್ಪನ ಕೈ ಮಾತ್ರ ಪರದೆಯ ಈಚೆಯೇ ಇತ್ತು. ಪುಟ್ಟಿ ಸ್ವೆಟರನ್ನು ತೆಗೆದುಕೊಳ್ಳಲಿಲ್ಲ. ಅದರ ಸಮೇತ ಆ ಸುಕ್ಕುಗಟ್ಟಿದ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಇಬ್ಬರ ಮೊಣಕೈಯಿಂದಲೂ ನೀರು ಹನಿಹನಿಯಾಗಿ ಹೊಸ ಬಣ್ಣದ ಮೇಲೆ ಬೀಳುತ್ತಿತ್ತು.